ಕೈಹೊಲಿಗೆಯ ಚೀಲ: ಒಂದು ಕಾಯಕಾನುಭವ

ಮನುಷ್ಯನ ಬಾಳಿನೊಡನೆ ಚೀಲಕ್ಕೆ ಇರುವಷ್ಟು ನಿಕಟವಾದ ಸಂಬಂಧ ಬೇರೆ ವಸ್ತುಗಳಿಗೆ ವಿರಳ. ತೊಟ್ಟಿಲ ಕೂಸಿನ ಬಟ್ಟೆಬರೆ ಅಜ್ಜಿಯ ಮನೆಯಿಂದ ಬರುವುದು ಚೀಲದಲ್ಲಿ. ಶಾಲೆಗೆ ಹೋಗುವ ಮಗುವಿನ ಪಾಟಿ, ಪುಸ್ತಕ ಇರುವುದು ಚೀಲದಲ್ಲಿ. ಸಂತೆಯ ಕಾಯಿಪಲ್ಲೆ, ಜಾತ್ರೆಯ ಬೆಂಡು ಬತ್ತಾಸು, ತವರಿನಿಂದ ತಂದ ರೊಟ್ಟಿಬುತ್ತಿ ಎಲ್ಲಕ್ಕೂ ಚೀಲವೇ ಆಸರೆ. ಆದರೂ ಚೀಲವನ್ನು ಕುರಿತು ನಾವು ಯಾರೂ ಯೋಚಿಸುವುದಿಲ್ಲ. ತುಂಬಿದಾಗ ನಮ್ಮ ಗಮನವೆಲ್ಲ ಒಳಗಿನ ವಸ್ತುವಿನ ಮೇಲೆ. ಬರಿದಾದಾಗ ಅದನ್ನು ಬಾಗಿಲ ಹಿಂದಿನ ಗೂಟಕ್ಕೆ ಸಿಕ್ಕಿಸಿ ಮರೆತುಬಿಡುತ್ತೇವೆ.

ನಾನೂ ಹಾಗೆಯೇ ಮರೆತವನು. ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡು, ಮಠದ ಪಾಠಶಾಲೆಯಲ್ಲಿ ಓದಿ, ಮುಂದೆ ನಾಲ್ಕು ದಶಕಗಳ ಕಾಲ ಶರಣರ ಕಾಯಕ ತತ್ವವನ್ನು ಕುರಿತು ಉಪನ್ಯಾಸ ಮಾಡಿದವನು ನಾನು. ದೇಹಶ್ರಮದ ಘನತೆಯನ್ನು ಎಷ್ಟೋ ವೇದಿಕೆಗಳ ಮೇಲೆ ಬಣ್ಣಿಸಿದ್ದೇನೆ. ಆದರೆ ನನ್ನ ಅಂಗಿಯ ಗುಂಡಿ ಕಿತ್ತರೆ ಅದನ್ನು ಹಚ್ಚುತ್ತಿದ್ದವರು ನನ್ನ ಮನೆಯವರು. ಸೂಜಿಗೆ ದಾರ ಪೋಣಿಸುವುದೂ ನನಗೆ ಬರುತ್ತಿರಲಿಲ್ಲ. ಈ ಮಾತನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಅರವತ್ತು ದಾಟಿದ ಮೇಲೆ ಒಂದು ಬಟ್ಟೆಯ ಚೀಲ ನನಗೆ ಕಲಿಸಿದ ಪಾಠವನ್ನು ಓದುಗ ಬಂಧುಗಳಲ್ಲಿ, ವಿಶೇಷವಾಗಿ ತಾಯಂದಿರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆಗಳ ಚೀಲಗಳು

ನಮ್ಮ ಹಿರಿಯರ ಮನೆಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಚೀಲವಿತ್ತು. ಅಜ್ಜಿಯರ ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ. ಅಂಗೈಯಗಲದ ಆ ಸಂಚಿಯಲ್ಲಿ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆ ಹಣಕ್ಕೊಂದು ಎಂದು ಪದರ ಪದರವಾಗಿ ಅರೆಗಳಿರುತ್ತಿದ್ದವು. ಬಾಯಿಗೆ ಒಂದು ದಾರ. ಎಳೆದರೆ ಮುಚ್ಚಿತು, ಸಡಿಲಿಸಿದರೆ ತೆರೆಯಿತು. ರೈತರ ಹೆಗಲ ಮೇಲೆ ಅಥವಾ ಎತ್ತಿನ ಬೆನ್ನ ಮೇಲೆ ಹಸುಬೆ. ನಡುವೆ ಬಾಯಿ, ಎರಡು ಕಡೆಗೆ ಎರಡು ಹೊಟ್ಟೆ. ಭಾರ ಸಮನಾಗಿ ಹಂಚಿಹೋಗುವ ಜಾಣತನ ಅದರ ಆಕಾರದಲ್ಲಿಯೇ ಅಡಗಿತ್ತು. ಪೂಜೆಯ ಗೂಡಿನಲ್ಲಿ ವಿಭೂತಿಯ ಪುಟ್ಟ ಚೀಲ. ಕವಿಗಳು ಮತ್ತು ಮೇಷ್ಟರ ಹೆಗಲಿಗೆ ಖಾದಿಯ ಬಗಲಚೀಲ. ಇವೆಲ್ಲಕ್ಕೂ ಮಿಗಿಲಾಗಿ ಜಂಗಮರ ಜೋಳಿಗೆ. ಜೋಳಿಗೆಗೆ ಹೊಲಿಗೆಯ ಆಡಂಬರವೇ ಬೇಕಿಲ್ಲ. ಚೌಕವಾದ ಒಂದು ಬಟ್ಟೆಯ ತುದಿಗಳನ್ನು ಗಂಟು ಹಾಕಿದರೆ ಅದೇ ಜೋಳಿಗೆ. ನನ್ನಂಥ ಅನೇಕ ಬಡ ಹುಡುಗರು ಓದಿದ ಅನ್ನ ಆ ಜೋಳಿಗೆಯಿಂದಲೇ ಬಂದದ್ದು.

ಈ ಚೀಲಗಳಲ್ಲಿ ಒಂದು ಸಮಾನ ಗುಣವಿದೆ. ಇವನ್ನು ಯಾರೂ ಅಂಗಡಿಯಲ್ಲಿ ನೋಡಿ, ಮೆಚ್ಚಿ, ಆಮೇಲೆ ಏನು ತುಂಬೋಣ ಎಂದು ಯೋಚಿಸಿದವರಲ್ಲ. ಮೊದಲು ಬಳಕೆ, ಆಮೇಲೆ ಅಳತೆ, ಕೊನೆಗೆ ಬಟ್ಟೆ. ಹೊಯ್ದ ಅಚ್ಚಿನಿಂದಲ್ಲ, ಬಾಳುವೆಯ ಅಗತ್ಯದಿಂದ ಹುಟ್ಟಿದ ಆಕಾರಗಳು ಇವು. ನಾನು ಈ ಸಣ್ಣ ಸತ್ಯವನ್ನು ತಪ್ಪು ಮಾಡಿಯೇ ಕಲಿಯಬೇಕಾಯಿತು.

ಎರಡು ಕೈ ಬೇಡಿದ ಚೀಲ

ಕೆಲವು ವರ್ಷಗಳ ಹಿಂದೆ ನನ್ನ ಮನೆಯವರಿಗೆ, ಜನ ಲಕ್ವಾ ಎನ್ನುವ ಪಾರ್ಶ್ವವಾಯು ಬಡಿಯಿತು. ಶಿವನ ಕೃಪೆಯಿಂದ ಮಾತು ಉಳಿಯಿತು, ನಡಿಗೆಯೂ ನಿಧಾನವಾಗಿ ಬಂದಿತು. ಆದರೆ ಬಲಗೈ ಮೊದಲಿನಂತಾಗಲಿಲ್ಲ. ಇಡೀ ಓಣಿಯ ಹೆಣ್ಣುಮಕ್ಕಳಿಗೆ ಕಸೂತಿ ಹೇಳಿಕೊಟ್ಟ ಕೈ ಅದು. ಶ್ರಾವಣ ಮಾಸದ ಪ್ರವಚನಕ್ಕೆ ಮಠಕ್ಕೆ ಹೊರಟಾಗ ಕನ್ನಡಕ, ಗುಳಿಗೆಯ ಡಬ್ಬಿ, ವಿಭೂತಿ, ಚಿಲ್ಲರೆ ಹಣ ಇವನ್ನೆಲ್ಲ ಬೇರೊಬ್ಬರ ಕೈಯಲ್ಲಿ ಕೊಡಬೇಕಾಗುತ್ತಿತ್ತು. ಬೇಕೆಂದಾಗ ಕೇಳಿ ಪಡೆಯಬೇಕು. ಅದು ಅವರಿಗೆ ಒಗ್ಗಲಿಲ್ಲ. ಕ್ರಮೇಣ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದರು.

ಅಂಗಡಿಯ ಚೀಲಗಳನ್ನು ತಂದು ನೋಡಿದೆವು. ಒಂದರ ಸರಪಳಿ ಎಳೆಯಲು ಇನ್ನೊಂದು ಕೈಯಿಂದ ಬಟ್ಟೆ ಹಿಡಿಯಬೇಕು. ಇನ್ನೊಂದರ ಬಾಯಿ ಕುಸಿದು ಮುಚ್ಚಿಕೊಳ್ಳುತ್ತಿತ್ತು. ಒಬ್ಬ ಸಿಂಪಿಗರನ್ನು ಕೇಳಿದರೆ, ಇಷ್ಟು ಸಣ್ಣ ಕೆಲಸಕ್ಕೆ ಹೊತ್ತಿಲ್ಲವೆಂದರು. ಆಗ ಮನೆಯವರೇ ನಕ್ಕು, "ನೀವೇ ಹೊಲೀರಲ್ಲ. ಸೂಜಿಗೇನು ಗಂಡು ಹೆಣ್ಣು ಗೊತ್ತೈತೇನ್ರೀ?" ಎಂದರು. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಅವರ ಹೆಸರನ್ನು ಎಷ್ಟೋ ಸಭೆಗಳಲ್ಲಿ ಉಚ್ಚರಿಸಿದ್ದ ನನಗೆ ಆ ಮಾತಿಗೆ ಉತ್ತರವಿರಲಿಲ್ಲ.

ಮೊದಲ ಚೀಲವನ್ನು ನನ್ನ ಇಚ್ಛೆಯಂತೆ ರೂಪಿಸಿದೆ. ಸಂಚಿಯ ಹಾಗೆ ಬಾಯಿಗೆ ದಾರ, ಅದರ ಮೇಲೆ ಒಂದು ಮುಚ್ಚಳಪಟ್ಟಿ, ಪಟ್ಟಿಗೆ ಮರದ ಗುಂಡಿ. ಹದಿನೈದು ದಿನ ದುಡಿದು ಮುಗಿಸಿ, ಹೆಮ್ಮೆಯಿಂದ ಅವರ ತೊಡೆಯ ಮೇಲೆ ಇಟ್ಟೆ. ಅವರು ಎಡಗೈಯಿಂದ ಗುಂಡಿ ಬಿಚ್ಚಲು ನೋಡಿದರು; ಚೀಲ ಜಾರಿತು. ಮೊಣಕಾಲುಗಳ ನಡುವೆ ಹಿಡಿದು ದಾರ ಸಡಿಲಿಸಲು ನೋಡಿದರು, ಗಂಟು ಬಿಗಿಯಿತು. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಅದರ ಮೇಲೆ ಕೈಯಾಡಿಸಿ, "ಚಂದ ಆಗೇತ್ರಿ" ಎಂದು ಪಕ್ಕಕ್ಕಿಟ್ಟರು. ಚೀಲದಲ್ಲಿ ಚೆಲುವಿತ್ತು, ಆದರೆ ಅದು ಎರಡು ಕೈ ಬೇಡುತ್ತಿತ್ತು. ನಾನು ಅವರಿಗಾಗಿ ಹೊಲಿದಿದ್ದೆ. ಅವರನ್ನು ನೋಡಿ ಹೊಲಿದಿರಲಿಲ್ಲ.

ಅಳತೆ ಎಂಬುದು ಅರಿವು

ಎರಡನೆಯ ಸಲ ಕತ್ತರಿ ಹಿಡಿಯುವ ಮೊದಲು ಮೂರು ದಿನ ಬರಿದೆ ನೋಡಿದೆ. ಅವರು ಕನ್ನಡಕವನ್ನು ಹೇಗೆ ತೆಗೆಯುತ್ತಾರೆ, ಎಡಗೈ ಎಷ್ಟು ದೂರ ಚಾಚುತ್ತದೆ, ಕುಳಿತಾಗ ಮಡಿಲು ಎಷ್ಟು ಅಗಲ, ಇವನ್ನೆಲ್ಲ ಗಮನಿಸಿದೆ. ಜೊತೆಯಾಗಿ ಇಷ್ಟು ವರ್ಷ ಬಾಳಿದರೂ ನಾನು ಹಾಗೆ ನೋಡಿದ್ದು ಅದೇ ಮೊದಲು. ಆಗ ಚೀಲದ ರೂಪ ತಾನಾಗಿಯೇ ಹೊಳೆಯತೊಡಗಿತು. ದುರ್ಬಲವಾದ ಬಲಭುಜದ ಮೇಲೆ ಭಾರ ಬೀಳಬಾರದು. ಆದ್ದರಿಂದ ಪಟ್ಟಿ ಎಡಭುಜದಿಂದ ಅಡ್ಡವಾಗಿ ಇಳಿದು, ಚೀಲ ಹೊಟ್ಟೆಯ ಮುಂದೆ ಕೂಡಬೇಕು. ಗುಂಡಿ, ದಾರ, ಸರಪಳಿ ಯಾವುದೂ ಬೇಡ. ಬಾಯಿ ತಾನೇ ತೆರೆದು ನಿಲ್ಲುವಷ್ಟು ಗಟ್ಟಿಯಾಗಿರಬೇಕು. ತಳ ಚಪ್ಪಟೆಯಾಗಿದ್ದರೆ ಮಡಿಲಲ್ಲಿ ಅಲ್ಲಾಡದೆ ಕೂಡುತ್ತದೆ. ಒಳಗಿನ ಕಿಸೆ ಎಡಗೈ ಬೆರಳುಗಳಿಗೆ ಎದುರಾಗುವಂತೆ ಇರಬೇಕು.

ಹೊಲಿಯಬಯಸುವ ಸೋದರಿಯರಿಗೂ ಸೋದರರಿಗೂ ಅನುಕೂಲವಾಗಲೆಂದು ಅಳತೆಯನ್ನು ಹೇಳುತ್ತೇನೆ. ಹೊರಬಟ್ಟೆ 11 ಇಂಚು ಅಗಲ, 27 ಇಂಚು ಉದ್ದ. ಇದನ್ನು ನಡುವೆ ಮಡಿಚಿದರೆ ಹದಿಮೂರೂವರೆ ಇಂಚು ಎತ್ತರ. ತಳಕ್ಕೆ ಹೊಲಿಗೆಯೇ ಇಲ್ಲವಾದ್ದರಿಂದ ಅಲ್ಲಿ ಬಿಚ್ಚುವ ಭಯವಿಲ್ಲ. ಎರಡು ಪಕ್ಕಗಳಲ್ಲಿ ಅರ್ಧರ್ಧ ಇಂಚು ಒಳಗೆ ಹೊಲಿದರೆ ಅಗಲ 10 ಇಂಚು ಉಳಿಯುತ್ತದೆ. ತಳದ ಎರಡು ಮೂಲೆಗಳನ್ನು ಮುಕ್ಕೋನವಾಗಿ ಹಿಡಿದು, 2 ಇಂಚು ಉದ್ದದ ಅಡ್ಡಹೊಲಿಗೆ ಹಾಕಿದರೆ ಚೀಲಕ್ಕೆ 2 ಇಂಚಿನ ಚಪ್ಪಟೆ ತಳ ಬರುತ್ತದೆ. ಬಾಯಿಯ ಬಳಿ 2 ಇಂಚು ಬಟ್ಟೆಯನ್ನು ಒಳಕ್ಕೆ ಮಡಿಚಿ ಹೊಲಿದರೆ ಕೊನೆಗೆ ಹತ್ತೂವರೆ ಇಂಚು ಎತ್ತರ, 8 ಇಂಚು ಅಗಲದ ಚೀಲ ಸಿದ್ಧ. ಒಳಬಟ್ಟೆಯನ್ನು ಇದೇ ಅಗಲಕ್ಕೆ, ಉದ್ದದಲ್ಲಿ 2 ಇಂಚು ಕಡಿಮೆ ಕತ್ತರಿಸಿ, ಪಕ್ಕದ ಹೊಲಿಗೆಯನ್ನು ಸ್ವಲ್ಪ ಹೆಚ್ಚು ಒಳಗೆ ಹಾಕಬೇಕು; ಆಗ ಅದು ಹೊರಬಟ್ಟೆಯೊಳಗೆ ಮುದುಡದೆ ಕೂಡುತ್ತದೆ. ಹೆಗಲ ಪಟ್ಟಿಗೆ 4 ಇಂಚು ಅಗಲದ ಬಟ್ಟೆಯನ್ನು ನಾಲ್ಕು ಪದರವಾಗಿ ಮಡಿಚಿದರೆ 1 ಇಂಚಿನ ಗಟ್ಟಿ ಪಟ್ಟಿಯಾಗುತ್ತದೆ. ಉದ್ದವನ್ನು ಮಾತ್ರ ಪುಸ್ತಕ ನೋಡಿ ತೆಗೆಯಬಾರದು. ತೊಡುವವರ ಭುಜದಿಂದ ಒಂದು ದಾರ ಇಳಿಬಿಟ್ಟು ಅಳೆಯಬೇಕು. ನಮ್ಮ ಅಳತೆ 46 ಇಂಚು ಬಂತು; ಎರಡೂ ತುದಿಗಳ ಹೊಲಿಗೆಗೆ 4 ಇಂಚು ಸೇರಿಸಿಕೊಂಡೆವು.

ಬಟ್ಟೆಯ ಹಾಸುಹೊಕ್ಕು

ಹೊರಭಾಗಕ್ಕೆ ದಪ್ಪ ಖಾದಿ ತಂದೆ. ಖಾದಿಗೂ ನಮ್ಮ ನಾಡಿಗೂ ಇರುವ ನಂಟು ಹಿರಿದು. 1957ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜಗಳು ಸಿದ್ಧವಾಗುವುದನ್ನು ಓದುಗರು ಬಲ್ಲರು. ಹೊಸ ಹತ್ತಿಬಟ್ಟೆಯನ್ನು ತಂದ ದಿನವೇ ಕತ್ತರಿಸಬಾರದು. ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಅಳೆಯಬೇಕು. ಇಲ್ಲವಾದರೆ ಮೊದಲ ತೊಳೆತಕ್ಕೆ ಬಟ್ಟೆ ಕುಗ್ಗಿ ಹೊಲಿಗೆ ಸೊಟ್ಟಗಾಗುತ್ತದೆ. ಇನ್ನೊಂದು ಮಾತು. ಮಗ್ಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಹಾಸಿನ ನೂಲು ಕಡಿಮೆ ಹಿಗ್ಗುತ್ತದೆ. ಹೊಕ್ಕಿನ ನೂಲು ಹೆಚ್ಚು ಹಿಗ್ಗುತ್ತದೆ. ಭಾರ ಹೊರುವ ಪಟ್ಟಿಯನ್ನು ಯಾವಾಗಲೂ ಹಾಸಿನ ಉದ್ದಕ್ಕೇ ಕತ್ತರಿಸಬೇಕು. ಹಾಸುಹೊಕ್ಕಾಗಿ ಬಾಳುವುದು ಎಂದು ನಾವು ದಿನವೂ ಆಡುವ ಮಾತಿನ ನಿಜವಾದ ಅರ್ಥ ನನ್ನ ಬೆರಳಿಗೆ ತಿಳಿದದ್ದು ಆಗ.

ಒಳಬಟ್ಟೆಗೆ ನನ್ನ ಹಳೆಯ ಧೋತರ. ತೊಳೆದು ತೊಳೆದು ಮೆತ್ತಗಾದ ಅದು ಕನ್ನಡಕದ ಗಾಜಿಗೆ ಗೀರು ಬೀಳಿಸದು. ಬಾಯಿಯ ಸುತ್ತ ಗಟ್ಟಿತನ ಬೇಕಿತ್ತಲ್ಲ, ಅದಕ್ಕೆ ಏನು ಮಾಡೋಣವೆಂದು ಕೇಳಿದಾಗ ಮನೆಯವರು ಪೆಟ್ಟಿಗೆಯಿಂದ ಒಂದು ಹಳೆಯ ಇಳಕಲ್ ಸೀರೆ ತೆಗೆಸಿದರು. ಮದುವೆಯಾದ ಮೊದಲ ವರ್ಷದ ಪಂಚಮಿಗೆ ಅವರ ತಾಯಿ ಕೊಟ್ಟದ್ದು. ಒಡಲು ಜಾಳಾಗಿ ಹರಿದಿತ್ತು. ದಡಿ ಮಾತ್ರ ಗಟ್ಟಿಯಾಗಿತ್ತು. ಕತ್ತರಿ ಹಾಕಲು ನನಗೆ ಮನಸ್ಸಾಗಲಿಲ್ಲ. "ಪೆಟ್ಟಿಗ್ಯಾಗ ಇಟ್ರ ನುಸಿ ತಿಂತೈತಿ. ಚೀಲಕ್ಕ ಹಚ್ಚಿದ್ರ ನನ್ನ ಕೂಡ ತಿರಗತೈತಿ" ಎಂದರು. ಆ ದಡಿಯನ್ನು ಎರಡು ಪದರ ಮಾಡಿ ಬಾಯಿಯ ಸುತ್ತ ಹಚ್ಚಿದೆವು. ಚೀಲದ ಬಾಯಿ ತೆರೆದು ನಿಂತಿತು.

ಟಾಕಿಯ ಲೆಕ್ಕ

ಇನ್ನು ಹೊಲಿಗೆಯ ಮಾತು. ನಾನು ಮೊದಲು ಮಾಡಿದ ತಪ್ಪು ಉದ್ದನೆಯ ದಾರ ಪೋಣಿಸಿದ್ದು. ಪದೇ ಪದೇ ಪೋಣಿಸುವ ಬೇಸರ ತಪ್ಪಿಸಲು ಹೋಗಿ, ಸಿಕ್ಕು ಬಿಡಿಸುವುದರಲ್ಲಿಯೇ ಹೊತ್ತು ಕಳೆದೆ. ದಾರ ಒಂದು ಮೊಳ ಸಾಕು. ಅದನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಸಿಕ್ಕಾಗುವುದಿಲ್ಲ. ಎರಡನೆಯ ತಪ್ಪು ಪ್ರತಿ ಟಾಕಿಯನ್ನೂ ಬಿಗಿಯಾಗಿ ಜಗ್ಗಿದ್ದು. ಗಟ್ಟಿಯಾಗಲೆಂದು ಜಗ್ಗಿದರೆ ಬಟ್ಟೆ ನೆರಿಗೆಗಟ್ಟುತ್ತದೆ. ಮನೆಯವರು ಬೆರಳಾಡಿಸಿ ನೋಡಿ, ಇಡೀ ಸಾಲನ್ನು ಬಿಚ್ಚಿಸಿದರು. ಬಿಚ್ಚುವುದೂ ಹೊಲಿಗೆಯ ಒಂದು ಭಾಗವೆಂದು ಆಗ ತಿಳಿಯಿತು.

ಪಕ್ಕಗಳಿಗೆ ಹಿಂಹೊಲಿಗೆ ಹಾಕಬೇಕು. ಸೂಜಿ ಒಂದು ಹೆಜ್ಜೆ ಹಿಂದೆ ಬಂದು, ಬಟ್ಟೆಯ ಅಡಿಯಲ್ಲಿ ಎರಡು ಹೆಜ್ಜೆ ಮುಂದೆ ಹೋಗುತ್ತದೆ. ಪ್ರತಿ ಟಾಕಿಯೂ ತನ್ನ ಹಿಂದಿನದನ್ನು ಮುಟ್ಟಿಯೇ ಮುಂದೆ ಸಾಗುವುದರಿಂದ ನಡುವೆ ಒಂದೆಡೆ ದಾರ ಹರಿದರೂ ಉಳಿದದ್ದು ಥಟ್ಟನೆ ಬಿಚ್ಚಿಕೊಳ್ಳುವುದಿಲ್ಲ. ಅಂಗಡಿಯಿಂದ ಬರುವ ಧಾನ್ಯದ ಮೂಟೆಯ ಬಾಯಿಯನ್ನು ನೋಡಿರಿ. ಅಲ್ಲಿ ಸರಪಳಿ ಹೊಲಿಗೆ ಇರುತ್ತದೆ. ಸರಿಯಾದ ತುದಿ ಹಿಡಿದು ಎಳೆದರೆ ಇಡೀ ಸಾಲು ಸರ್ರನೆ ಬಿಚ್ಚುತ್ತದೆ. ಅದು ಬಿಚ್ಚಲೆಂದೇ ಹಾಕಿದ ಹೊಲಿಗೆ. ಇದು ಬಾಳಲೆಂದು ಹಾಕುವ ಹೊಲಿಗೆ. ಎರಡಕ್ಕೂ ಅವುಗಳದೇ ಸ್ಥಾನವಿದೆ.

ಇಂಚಿಗೆ 8 ಟಾಕಿಯಂತೆ ಎರಡು ಪಕ್ಕಗಳ 27 ಇಂಚಿಗೆ ಲೆಕ್ಕ ಹಾಕಿದೆ, 216 ಆಯಿತು. ಎರಡು ಸಲ ನೂರೆಂಟು! ಮನೆಯವರಿಗೆ ಹೇಳಿದೆ. "ಲೆಕ್ಕಾ ಮಾಡಕೋತ ಕುಂತ್ರ ಸೂಜಿ ಬೆರಳಿಗೆ ಚುಚ್ಚತೈತಿ" ಎಂದರು. ಹಾಗೆಯೇ ಆಯಿತು. ಆದರೂ ನಿಜ ಹೇಳಬೇಕೆಂದರೆ, ಮುಂಜಾನೆಯ ಜಪದಲ್ಲಿ ಎಷ್ಟೋ ದಿನ ಅಲೆದಾಡುವ ನನ್ನ ಮನಸ್ಸು ಸಂಜೆಯ ಈ ಹೊಲಿಗೆಯಲ್ಲಿ ಅಲುಗಾಡದೆ ನಿಲ್ಲುತ್ತಿತ್ತು. ಸೂಜಿಯ ಮೊನೆ ಮನಸ್ಸನ್ನು ಅತ್ತಿತ್ತ ಹೋಗಗೊಡುವುದಿಲ್ಲ. ಹೋದರೆ ಕೂಡಲೇ ಎಚ್ಚರಿಸುತ್ತದೆ.

ಒಳಗೂ ಹೊರಗೂ ಒಂದೇ

ಚೀಲದ ಮುಂಭಾಗಕ್ಕೆ ಒಂದು ಸಣ್ಣ ಕಸೂತಿ ಇರಲೆಂದು ನಾನೇ ಕೇಳಿಕೊಂಡೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಹಿಂದೆ ಮದುವಣಗಿತ್ತಿಗೆ ಕೊಡುವ ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ಪಲ್ಲಕ್ಕಿ, ಅಂಬಾರಿ ಆನೆ, ನಂದಿ, ಕಮಲ ಮುಂತಾದವನ್ನು ಇದೇ ಹೊಲಿಗೆಗಳಿಂದ ಮೂಡಿಸುತ್ತಿದ್ದರು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಗವಂತಿಯಲ್ಲಿ ಸೂಜಿ ಒಂದು ಟಾಕಿ ಮೇಲೆ, ಒಂದು ಟಾಕಿ ಕೆಳಗೆ ಹೋಗುತ್ತ, ನಡುನಡುವೆ ಬರಿದು ಬಿಟ್ಟು ಸಾಗುತ್ತದೆ. ಮರಳಿ ಬರುವಾಗ ಆ ಬರಿದನ್ನು ತುಂಬುತ್ತದೆ. ಗಂಟು ಹಾಕುವುದಿಲ್ಲ. ಆದ್ದರಿಂದ ಬಟ್ಟೆಯ ಮುಂಬದಿ, ಹಿಂಬದಿ ಎರಡರಲ್ಲಿಯೂ ಚಿತ್ರ ಒಂದೇ ತೆರನಾಗಿ ಕಾಣುತ್ತದೆ. ಒಂದೇ ಒಂದು ಎಳೆ ತಪ್ಪಿದರೂ ಮರಳುವ ದಾರ ಅದನ್ನು ಹೊರಗೆಡಹುತ್ತದೆ. ಒಳಗೊಂದು ಹೊರಗೊಂದು ಇರಬಾರದೆಂದು ಶರಣರು ಮನುಷ್ಯನಿಗೆ ಹೇಳಿದರು. ನಮ್ಮ ತಾಯಂದಿರು ಅದನ್ನು ಸದ್ದಿಲ್ಲದೆ ಬಟ್ಟೆಯ ಮೇಲೆ ಮಾಡಿ ತೋರಿಸಿದರು.

ಎರಡು ಭಾಗಗಳನ್ನು ಜೋಡಿಸುವ ಮೊದಲೇ ಕಸೂತಿ ಮುಗಿಸಬೇಕು. ನಮ್ಮದು ಮೆಟ್ಟಿಲು ಮೆಟ್ಟಿಲಾದ ಪುಟ್ಟ ಗೋಪುರ. ಸೂಜಿ ನನ್ನ ಕೈಯಲ್ಲಿ, ಎಣಿಕೆ ಅವರ ಬಾಯಲ್ಲಿ. "ನಾಕು ಎಳಿ ಮ್ಯಾಲ, ನಾಕು ಎಳಿ ಕೆಳಗ, ಈಗ ಬಲಕ್ಕ ತಿರುಗ್ರಿ" ಎಂದು ಹೇಳುತ್ತಿದ್ದರೆ ನಾನು ಹುಡುಗನಂತೆ ಅನುಸರಿಸುತ್ತಿದ್ದೆ. ಲಕ್ವಾ ಬಡಿದ ದಿನದಿಂದ ತಮಗೆ ಏನೂ ಬಾರದಾಯಿತು ಎಂದು ಕೊರಗುತ್ತಿದ್ದವರು ಅವರು. ಕೈ ಸೋತಿದ್ದರೂ ಕಲೆ ಕಣ್ಣಿನಲ್ಲಿ, ನೆನಪಿನಲ್ಲಿ ಹಾಗೆಯೇ ಇತ್ತು. ಅದಕ್ಕೆ ಇನ್ನೊಂದು ಕೈ ಬೇಕಾಗಿತ್ತು, ಅಷ್ಟೆ. ಮೂರನೆಯ ವಾರಕ್ಕೆ ಓಣಿಯ ಇಬ್ಬರು ಹುಡುಗಿಯರು ಬಂದು ನನ್ನ ಪಕ್ಕದಲ್ಲಿ ಕುಳಿತರು. ಈಗ ಅವರು ಮತ್ತೆ ಹೇಳಿಕೊಡುತ್ತಿದ್ದಾರೆ.

ಚೀಲ ಮತ್ತು ಲೋಕಹಿತ

ಪ್ಲಾಸ್ಟಿಕ್ ಚೀಲಗಳ ಹಾವಳಿಯನ್ನು ಹೊಸದಾಗಿ ಹೇಳಬೇಕಿಲ್ಲ. ಕರ್ನಾಟಕ ಸರಕಾರ 2016ರ ಮಾರ್ಚ್ ತಿಂಗಳಲ್ಲಿಯೇ ಅವನ್ನು ನಿಷೇಧಿಸಿತು; 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆದರೂ ತಿಪ್ಪೆಯ ಬಳಿ ಅವನ್ನು ತಿನ್ನುತ್ತಿರುವ ದನಗಳನ್ನು ಕಂಡಾಗ ಕರುಳು ಕಿವುಚುತ್ತದೆ. ಹಾಗೆಂದು ಹೊಸ ಹತ್ತಿಯ ಚೀಲಗಳನ್ನು ರಾಶಿ ರಾಶಿಯಾಗಿ ಕೊಂಡರೆ ಪುಣ್ಯ ಬಂತೆಂದು ತಿಳಿಯಬಾರದು. ಹತ್ತಿ ಬೆಳೆಯಲು ನೀರು, ಗೊಬ್ಬರ, ನೆಲ ಎಲ್ಲವೂ ಬೇಕು. ಡೆನ್ಮಾರ್ಕ್ ದೇಶದ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮ ಒಂದನ್ನೇ ಲೆಕ್ಕಿಸಿದರೂ ಹತ್ತಿಯ ಹೊಸ ಚೀಲ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಅದನ್ನು ಕನಿಷ್ಠ 52 ಸಲ ಬಳಸಬೇಕು. ಎಲ್ಲ ಬಗೆಯ ಪರಿಣಾಮಗಳನ್ನು ಸೇರಿಸಿದರೆ 7,100 ಸಲ. ಈ ಲೆಕ್ಕದಿಂದ ನಾವು ಕಲಿಯಬೇಕಾದದ್ದು ಎರಡು ಸಂಗತಿ. ಮನೆಯಲ್ಲಿರುವ ಹಳೆಯ ಬಟ್ಟೆಯಿಂದಲೇ ಚೀಲ ಹೊಲಿಯುವುದು ಮೊದಲನೆಯದು. ಹೊಲಿದದ್ದನ್ನು ಹರಿಯುವವರೆಗೆ, ಹರಿದರೆ ತೇಪೆ ಹಚ್ಚಿ, ಬಳಸುವುದು ಎರಡನೆಯದು. ತನ್ನ ಕೈಯಾರೆ ಹೊಲಿದವನು ಅದನ್ನು ಎಸೆಯಲಾರ. ಪ್ರತಿ ಟಾಕಿಯೂ ಅವನಿಗೆ ಪರಿಚಿತ.

ಜೋಳಿಗೆಯ ನೆನಪು

ಸೀರೆಗೆ ಹೆಸರಾದ ಇಳಕಲ್ಲು ಒಂದು ಜೋಳಿಗೆಗೂ ಹೆಸರಾಗಿದೆ. ಅಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ, ಕಾಳುಕಡಿಯ ಬದಲು ಜನರ ದುಶ್ಚಟಗಳನ್ನು ತಮ್ಮ ಜೋಳಿಗೆಗೆ ಬೇಡಿದರು. ಕುಡಿತ, ತಂಬಾಕುಗಳನ್ನು ಬಿಟ್ಟ ಅನೇಕ ಕುಟುಂಬಗಳು ಆ ಮಹಾಂತ ಜೋಳಿಗೆಯನ್ನು ಇಂದಿಗೂ ನೆನೆಯುತ್ತವೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಜೋಳಿಗೆಯ ಮಹಿಮೆ ಇರುವುದು ಅದು ತುಂಬುವುದರಲ್ಲಿ ಅಲ್ಲ, ತುಂಬಿದ್ದನ್ನು ಇನ್ನೊಬ್ಬರಿಗಾಗಿ ಬರಿದು ಮಾಡುವುದರಲ್ಲಿ. ಮನೆಯ ಸಾಮಾನ್ಯ ಚೀಲಕ್ಕೂ ಈ ಧರ್ಮ ಸಲ್ಲುತ್ತದೆ. ನೆರೆಮನೆಯ ಪಾತ್ರೆಯನ್ನು, ಚೀಲವನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಮ್ಮ ಹೆಣ್ಣುಮಕ್ಕಳ ರೂಢಿಯಲ್ಲಿ ದಾಸೋಹದ ಒಂದು ಕಿರಣವಿದೆ.

ನಾನು ಮೊದಲು ಹೊಲಿದ, ಎರಡು ಕೈ ಬೇಡುವ ಚೀಲ ವ್ಯರ್ಥವಾಗಲಿಲ್ಲ. ಕಸೂತಿ ಕಲಿಯುತ್ತಿರುವ ಮೊಮ್ಮಗಳಿಗೆ ಅವಳ ಅಜ್ಜಿ ಅದನ್ನು ಕೊಟ್ಟರು, ಒಳಗೆ ಒಂದು ಹಿಡಿ ಸಕ್ಕರೆಯ ಪೊಟ್ಟಣ ಮತ್ತು ಒಂದು ಸೂಜಿ ಇಟ್ಟು. ಎರಡನೆಯ ಚೀಲ ಬಾಗಿಲ ಹಿಂದಿನ ಗೂಟದಲ್ಲಿದೆ. ಸೋಮವಾರ ಸಂಜೆ ಮಾತ್ರ ಗೂಟ ಬರಿದಾಗಿರುತ್ತದೆ. ಅಂದು ಅವರು ಅದನ್ನು ಎಡಭುಜಕ್ಕೆ ಹಾಕಿಕೊಂಡು ಮಠಕ್ಕೆ ಹೋಗುತ್ತಾರೆ. ಕನ್ನಡಕವನ್ನು ತಾವೇ ತೆಗೆಯುತ್ತಾರೆ, ಗುಳಿಗೆಯನ್ನು ತಾವೇ ತೆಗೆಯುತ್ತಾರೆ. ಮರಳುವ ದಾರಿಯಲ್ಲಿ ಎರಡು ನಿಂಬೆಹಣ್ಣು, ಒಂದು ಸಿವುಡು ಕೊತ್ತಂಬರಿ ಕೊಂಡು ತರುತ್ತಾರೆ. ಹಣವನ್ನೂ ತಾವೇ ಎಣಿಸಿ ಕೊಡುತ್ತಾರೆ.

ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಹಳೆಯ ಧೋತರವೋ ಸೀರೆಯೋ ಇದ್ದರೆ ಹೊರಗೆ ತೆಗೆಯಿರಿ. ಗಂಡುಮಕ್ಕಳ ಕೈಗೂ ಸೂಜಿ ಕೊಡಿರಿ. ಆದರೆ ಕತ್ತರಿ ಹಾಕುವ ಮೊದಲು, ಯಾರಿಗಾಗಿ ಹೊಲಿಯುತ್ತೀರೋ ಅವರನ್ನು ಒಮ್ಮೆ ಚೆನ್ನಾಗಿ ನೋಡಿರಿ. ಚೀಲದ ಅಳತೆ ಅಲ್ಲಿಯೇ ಇರುತ್ತದೆ.